ಮಂಗಳದಲ್ಲಿ ನೀರುಗಂಟಿ ಯಾರು? ಮಕ್ಕಳ ಜೊತೆ ಕೂತು ಲೆಕ್ಕ ಹಾಕುವ ಬಗೆ

ಮನುಷ್ಯರು ಬೇರೆ ಗ್ರಹಕ್ಕೆ ಹೋಗಿ ನೆಲೆಸಬೇಕಾ, ಬೇಡವಾ? ವರ್ಷಕ್ಕೊಮ್ಮೆಯಾದರೂ ಯಾವುದೋ ಒಂದು ಚರ್ಚಾ ಸ್ಪರ್ಧೆಗೆ ಈ ವಿಷಯ ಬಂದೇ ಬರುತ್ತದೆ. ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ. ಮಕ್ಕಳು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾರೆ. ಚಪ್ಪಾಳೆ, ಬಹುಮಾನ, ಅಲ್ಲಿಗೆ ಮುಗಿಯಿತು.

ನಾನು ಚಳ್ಳಕೆರೆ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೂರು ವರ್ಷದ ಹಿಂದೆ ಇಂಥದ್ದೇ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುತ್ತಿದ್ದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ, ಯಾವಾಗಲೂ ಹಿಂದಿನ ಬೆಂಚಲ್ಲಿ ಸುಮ್ನೆ ಕೂರುವವಳು, ಕೈ ಎತ್ತಿದಳು. "ಮಿಸ್, ಮಂಗಳದಲ್ಲಿ ನೀರುಗಂಟಿ ಯಾರು?"

ಯಾರೂ ನಗಲಿಲ್ಲ. ಅವಳ ಊರಲ್ಲಿ ನೀರುಗಂಟಿ ವಾಲ್ವ್ ತಿರುಗಿಸದ ದಿನ ಅವಳು ಶಾಲೆಗೆ ಬರುವುದಿಲ್ಲ, ಕೊಡ ಹಿಡಿದು ಯಾರದೋ ತೋಟದ ಬೋರ್‌ವೆಲ್ ಹತ್ತಿರ ನಿಂತಿರುತ್ತಾಳೆ. ಅವಳಿಗೆ ಅದು ನಿಜವಾದ ಪ್ರಶ್ನೆ. ನಾನು ಬರೆದುಕೊಟ್ಟಿದ್ದ ಭಾಷಣದ ಎರಡು ಹಾಳೆಯಲ್ಲಿ ಎಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಅವತ್ತೇ ಆ ಹಾಳೆ ಪಕ್ಕಕ್ಕಿಟ್ಟೆ.

ಆಮೇಲಿಂದ ಈ ವಿಷಯವನ್ನು ಭಾಷಣವಾಗಿ ಮಾಡಿಸುವುದಿಲ್ಲ. ನಾಲ್ಕು ಶನಿವಾರ ತೆಗೆದುಕೊಂಡು ಮಕ್ಕಳ ಕೈಯಲ್ಲೇ ಅಳೆಸಿ, ತೂಗಿಸಿ, ಬೆಳೆಸಿ ನೋಡುತ್ತೇನೆ. ಶಿಕ್ಷಕರಿಗೆ ಮಾತ್ರ ಅಲ್ಲ, ಮನೆಯಲ್ಲಿ ಇಬ್ಬರು ಮಕ್ಕಳಿದ್ದರೂ ಮಾಡಬಹುದು. ಬೇಕಾಗುವುದು ಇಷ್ಟೇ: ಒಂದು ಮೂಸಂಬಿ, ಒಂದು ಚಿಕ್ಕ ನಿಂಬೆಹಣ್ಣು, ಒಂದು ಗೋಲಿ, ತಕ್ಕಡಿ, ಒಂದು ಕೆಜಿ ಶೇಂಗಾ ಬೀಜ, ಒಂದು ಹಿಡಿ ಮೆಂತ್ಯ, ಇಟ್ಟಿಗೆ ಪುಡಿ, ಬಿಗಿ ಮುಚ್ಚಳದ ಒಂದು ಗಾಜಿನ ಬಾಟಲಿ.

ಮೊದಲು ಮೂರು ಡಬ್ಬಿ ಇಡಿ

"ಹೋಗಬೇಕಾ ಬೇಡವಾ" ಅನ್ನುವ ಒಂದೇ ಪ್ರಶ್ನೆಯೊಳಗೆ ಮೂರು ಪ್ರಶ್ನೆ ಸೇರಿಕೊಂಡಿವೆ. ಬಿಡಿಸದಿದ್ದರೆ ಜಗಳ ಆಗುತ್ತದೆಯೇ ಹೊರತು ಮಾತು ಮುಂದಕ್ಕೆ ಹೋಗುವುದಿಲ್ಲ. ಅದಕ್ಕೆ ಮೂರು ಖಾಲಿ ಡಬ್ಬಿ ಇಡಿ. ಒಂದರ ಮೇಲೆ "ಯಂತ್ರ ಕಳಿಸುವುದು" ಅಂತ ಬರೆಯಿರಿ. ಇನ್ನೊಂದರ ಮೇಲೆ "ಜನ ಹೋಗಿ ವಾಪಸ್ ಬರುವುದು". ಮೂರನೆಯದರ ಮೇಲೆ "ಅಲ್ಲೇ ಮನೆ ಮಾಡಿಕೊಂಡು ಇರುವುದು". ಪ್ರತಿ ಮಗುವೂ ಮೂರೂ ಡಬ್ಬಿಗೆ ಒಂದೊಂದು ಕಾಳು ಹಾಕಬೇಕು. ಬೇಕು ಅಂದರೆ ಹುಣಸೆಬೀಜ, ಬೇಡ ಅಂದರೆ ಜೋಳದ ಕಾಳು. ಎಣಿಸಿ, ಗೋಡೆ ಮೇಲೆ ಬರೆದಿಡಿ. ನಾಲ್ಕನೇ ಶನಿವಾರ ಮತ್ತೆ ಹಾಕಿಸಬೇಕು.

ನೀವು ಯಾವ ಕಡೆ ಅಂತ ಆಗಲೇ ಹೇಳಬೇಡಿ. ಮಿಸ್ ಏನು ಅಂದುಕೊಂಡಿದ್ದಾರೆ ಅಂತ ಗೊತ್ತಾದರೆ ಮಕ್ಕಳು ಅದೇ ಕಾಳು ಹುಡುಕುತ್ತಾರೆ.

ದೂರವನ್ನು ಕಾಲಲ್ಲಿ ಅಳೆಯಿರಿ

ಮಾತು ಮಂಗಳದ ಮೇಲೆ ನಿಲ್ಲಲಿ. ಶುಕ್ರ ಹತ್ತಿರ ಅಂತ ಕೆಲವು ಮಕ್ಕಳು ಹೇಳುತ್ತಾರೆ. ಅಲ್ಲಿನ ನೆಲ ಸೀಸ ಕರಗುವಷ್ಟು ಬಿಸಿ, ಅದನ್ನು ಅಲ್ಲಿಗೇ ಬಿಡಿ.

ಮೂಸಂಬಿಯನ್ನು ಭೂಮಿ ಅಂದುಕೊಳ್ಳಿ. ಒಂದು ಸೆಂಟಿಮೀಟರ್ ಅಂದರೆ 2,000 ಕಿಲೋಮೀಟರ್. ಆಗ ಸುಮಾರು ಆರೂವರೆ ಸೆಂಟಿಮೀಟರ್ ಅಗಲದ ಮೂಸಂಬಿ ಸರಿಯಾಗುತ್ತದೆ. ಚಂದ್ರ ಒಂದು ಗೋಲಿಯಷ್ಟು. ಮಂಗಳ ಸುಮಾರು ಮೂರೂವರೆ ಸೆಂಟಿಮೀಟರ್, ಅಂದರೆ ಚಿಕ್ಕ ನಿಂಬೆಹಣ್ಣು.

ಈಗ ಮೂಸಂಬಿ ಸಿಪ್ಪೆಯ ಮೇಲೆ ಒಂದು ರಾಗಿ ಕಾಳು ಅಂಟಿಸಿ. 2000ನೇ ಇಸವಿಯಿಂದ ಜನ ಬಿಡುವಿಲ್ಲದೆ ವಾಸ ಇರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಆ ಕಾಳಿನ ಎತ್ತರದಲ್ಲಿ, ಸಿಪ್ಪೆಯಿಂದ ಎರಡು ಮಿಲಿಮೀಟರ್ ಮೇಲೆ. ಗೋಲಿಯನ್ನು ಎರಡು ಮೀಟರ್‌ಗಿಂತ ಸ್ವಲ್ಪ ಈಚೆಗೆ ಇಡಿ. ಮನುಷ್ಯರು ಕಾಲಿಟ್ಟ ಅತಿ ದೂರದ ಜಾಗ ಅದು. 1972ರ ಡಿಸೆಂಬರ್ ತನಕ ಒಟ್ಟು 12 ಜನ.

ನಿಂಬೆಹಣ್ಣನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ನಡೆಯಲು ಹೇಳಿ. 280 ಮೀಟರ್. ನಮ್ಮಲ್ಲಿ ಅವನು ಗೇಟು ದಾಟಿ, ಹಾಲಿನ ಡೇರಿ ದಾಟಿ, ಅರಳಿಕಟ್ಟೆ ಹತ್ತಿರ ನಿಂತ. ಮಂಗಳ ಭೂಮಿಗೆ ತೀರಾ ಹತ್ತಿರ ಬಂದಾಗ, 2003ರಲ್ಲಿ ಬಂದ ಹಾಗೆ, ಇರುವ ದೂರ ಅದು. ಸುಮಾರು 5.6 ಕೋಟಿ ಕಿಲೋಮೀಟರ್. ಸೂರ್ಯನ ಆಚೆ ಬದಿಗೆ ಹೋದಾಗ 40 ಕೋಟಿ. ನಮ್ಮ ಅಳತೆಯಲ್ಲಿ ಎರಡು ಕಿಲೋಮೀಟರ್, ಪಕ್ಕದ ಹಟ್ಟಿ ಬಂತು. ಅಲ್ಲಿ ತನಕ ನಡೆಸಬೇಡಿ, ಬೆರಳು ತೋರಿಸಿದರೆ ಸಾಕು. ರಾಗಿ ಕಾಳನ್ನೂ ಅರಳಿಕಟ್ಟೆಯನ್ನೂ ಒಂದೇ ಸಲ ನೋಡಿದ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಅವತ್ತೇ ಇನ್ನೊಂದು ಆಟ. ಮಕ್ಕಳನ್ನು ಎರಡು ಕೋಣೆಗೆ ಹಂಚಿ. ಒಂದು ಭೂಮಿ, ಒಂದು ಮಂಗಳ. ಮಾತೆಲ್ಲ ಚೀಟಿಯಲ್ಲಿ, ಪ್ರತಿ ಚೀಟಿಯೂ 12 ನಿಮಿಷ ತಡವಾಗಿ ತಲುಪಬೇಕು. ಮಂಗಳದವರಿಗೆ "ಗಾಳಿಯ ಪೈಪ್ ಸೋರುತ್ತಿದೆ" ಅಂತ ಹೇಳಿ ಸುಮ್ಮನಾಗಿ. ಚೀಟಿ ಹೋಗಿ ಉತ್ತರ ಬರಲು 24 ನಿಮಿಷ. 12 ನಿಮಿಷ ನಾನು ಸುಮ್ನೆ ಆರಿಸಿದ್ದಲ್ಲ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಆ ಗ್ರಹದ ಕಕ್ಷೆಗೆ ಸೇರಿದಾಗ ಸಂದೇಶಕ್ಕೆ ಒಂದು ಕಡೆಗೆ ಹಿಡಿದ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನಿಂದ ಕೂತು ಆ ಕ್ಷಣದಲ್ಲಿ ಏನೂ ಮಾಡಲು ಆಗುತ್ತಿರಲಿಲ್ಲ. ಎಂಜಿನ್ ಯಾವಾಗ ಉರಿಯಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನು ಮೊದಲೇ ಕಳಿಸಿಟ್ಟಿದ್ದರು. ಆಮೇಲೆ ಸುದ್ದಿ ಬರುವ ತನಕ ಕಾಯುವುದಷ್ಟೇ.

ಕ್ಯಾಲೆಂಡರ್ ಲೆಕ್ಕ ಬೇಗ ಮುಗಿಯುತ್ತದೆ. ಮಂಗಳಕ್ಕೆ ಹೊರಡಲು ಒಳ್ಳೆಯ ಹೊತ್ತು ಬರುವುದು 26 ತಿಂಗಳಿಗೊಮ್ಮೆ. ಹೋಗಲು ಏಳೆಂಟು ತಿಂಗಳು, ವಾಪಸ್ ಹೊರಡುವ ಹೊತ್ತು ಬರುವ ತನಕ ಅಲ್ಲೇ ಕಾಯುವುದು ಒಂದು ವರ್ಷಕ್ಕಿಂತ ಜಾಸ್ತಿ, ಮತ್ತೆ ಬರಲು ಅಷ್ಟೇ ತಿಂಗಳು. ಎಂಟನೇ ತರಗತಿಗೆ ಸೇರುವಾಗ ಹೊರಟ ಮಗು ವಾಪಸ್ ಬರುವ ಹೊತ್ತಿಗೆ ಅವರ ಜೊತೆಯವರ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿರುತ್ತದೆ.

ಉಸಿರು ತೂಗುವ ದಿನ

ಎರಡನೇ ಶನಿವಾರ ತಕ್ಕಡಿ ತನ್ನಿ. ನಮ್ಮದು ಶೇಂಗಾ ಊರು, ಬೀಜ ಮಕ್ಕಳ ಮನೆಯಿಂದಲೇ ಬರುತ್ತದೆ. ನಿಮ್ಮಲ್ಲಿ ಯಾವ ಕಾಳು ಇದೆಯೋ ಅದು.

ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. 840 ಗ್ರಾಂ ಬೀಜ ತೂಗಿ ತಟ್ಟೆಗೆ ಹಾಕಿಸಿ. "ಇದು ನಿನ್ನ ಒಂದು ದಿನದ ಉಸಿರು" ಅಂತ ಒಬ್ಬರ ಮುಂದೆ ಇಡಿ. ಗಂಟೆಗೆ ಎಷ್ಟು ಅಂತ ಭಾಗಿಸಲು ಹೇಳಿ. 35 ಗ್ರಾಂ.

2021ರ ಫೆಬ್ರವರಿ 18ರಂದು ಮಂಗಳದಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್ ಒಳಗೆ ಮಾಕ್ಸಿ ಅನ್ನುವ ಒಂದು ಪೆಟ್ಟಿಗೆ ಇತ್ತು. ಮಂಗಳದ ಗಾಳಿಯಲ್ಲಿ ನೂರಕ್ಕೆ 95 ಭಾಗ ಇಂಗಾಲದ ಡೈಆಕ್ಸೈಡ್. ಆ ಗಾಳಿ ತೀರಾ ತೆಳು, ನಮ್ಮ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲೂ ಇಲ್ಲ. ಆ ಪೆಟ್ಟಿಗೆ ಅದನ್ನೇ ಎಳೆದುಕೊಂಡು, ಬಿಸಿ ಮಾಡಿ, ಒಡೆದು ಆಮ್ಲಜನಕ ತೆಗೆಯಿತು. ಎರಡು ವರ್ಷಕ್ಕಿಂತ ಜಾಸ್ತಿ ಕಾಲದಲ್ಲಿ 16 ಸಲ ಓಡಿಸಿದರು. ಒಟ್ಟು ಸಿಕ್ಕಿದ್ದು 122 ಗ್ರಾಂ.

ಈಗ 122 ಗ್ರಾಂ ಬೀಜ ತೂಗಿಸಿ, 35 ಗ್ರಾಂನ ಗುಡ್ಡೆ ಮಾಡಿಸಿ. ಮೂರು ಗುಡ್ಡೆ ಆಗುತ್ತದೆ, ನಾಲ್ಕನೆಯದು ಅರ್ಧಕ್ಕೇ ನಿಲ್ಲುತ್ತದೆ. ಮೂರೂವರೆ ಗಂಟೆ. ಬೆಳಿಗ್ಗೆ ಪ್ರಾರ್ಥನೆಯಿಂದ ಮಧ್ಯಾಹ್ನದ ಬಿಸಿಯೂಟದ ತನಕ, ಒಬ್ಬರಿಗೆ. ನಮ್ಮ ತರಗತಿಯಲ್ಲಿ ಆ ಅರ್ಧ ಗುಡ್ಡೆ ಮಾಡುತ್ತಿದ್ದ ಹುಡುಗ ಕೊನೆಯ ಬೀಜ ಇಟ್ಟು, ಇನ್ನೂ ಇದೆಯಾ ಅಂತ ತಟ್ಟೆ ಬಗ್ಗಿಸಿ ನೋಡಿದ.

ಇಲ್ಲಿ ಒಂದು ಎಚ್ಚರ. ಮಕ್ಕಳು ತಕ್ಷಣ "ಅಷ್ಟೇನಾ" ಅನ್ನುತ್ತಾರೆ. ಅದು ಪೆಟ್ಟಿಗೆಗೆ ಮಾಡುವ ಅನ್ಯಾಯ. ಆಗುತ್ತದಾ ಅಂತ ನೋಡಲು ಕಳಿಸಿದ ಚಿಕ್ಕ ಪೆಟ್ಟಿಗೆ ಅದು, ಮತ್ತು ಆಗುತ್ತದೆ ಅಂತ ತೋರಿಸಿತು. ಚೆನ್ನಾಗಿ ಓಡಿದ ಹೊತ್ತಲ್ಲಿ ಗಂಟೆಗೆ 12 ಗ್ರಾಂ ಕೊಟ್ಟಿತು. ಹಾಗಾದರೆ ಒಬ್ಬರಿಗೆ ಇಂಥವು ಎಷ್ಟು ಬೇಕು ಅಂತ ಕೇಳಿ. ಮೂರು. ನಿಲ್ಲದೆ ಓಡುವ ಮೂರು. ನೂರು ಜನರಿಗೆ? ಕರೆಂಟ್ ಹೋದರೆ? ಪ್ರಶ್ನೆ ಅವರಿಂದಲೇ ಬರುತ್ತವೆ, ನೀವು ಕಾಯಬೇಕು ಅಷ್ಟೇ.

ಆಮೇಲೆ ನೀರು. ಹಿಂದಿನ ದಿನವೇ ಮನೆಯ ಕೊಡ ಎಣಿಸಿಕೊಂಡು ಬರಲು ಹೇಳಿರಿ. ನೀರುಗಂಟಿ ಬಗ್ಗೆ ಕೇಳಿದ ಹುಡುಗಿಯ ಮನೆಯಲ್ಲಿ ಐದು ಜನಕ್ಕೆ 12 ಕೊಡ, ತಲೆಗೆ ಸುಮಾರು 36 ಲೀಟರ್. ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್‌ಗಿಂತ ಸ್ವಲ್ಪ ಕಡಿಮೆ. ಕುಡಿಯಲು, ಊಟಕ್ಕೆ, ಮೈ ಒರೆಸಿಕೊಳ್ಳಲು ಎಲ್ಲಾ ಸೇರಿ. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧ ಮಾಡಿ ಮತ್ತೆ ಕುಡಿಯುತ್ತಾರೆ. 2023ರಲ್ಲಿ ಅಲ್ಲಿ ನೂರಕ್ಕೆ 98 ಭಾಗ ನೀರು ವಾಪಸ್ ಪಡೆಯುವ ಮಟ್ಟ ಮುಟ್ಟಿದರು. ಮೂತ್ರ ಅಂದಾಗ ಮಕ್ಕಳು ಮುಖ ಹಿಂಡುತ್ತಾರೆ, ಒಂದು ನಿಮಿಷ ಬಿಡಿ, ಸರಿಹೋಗುತ್ತದೆ. 98 ಅಂದರೆ ಬಹಳ ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? 100ರಿಂದ ಶುರು ಮಾಡಿ, ಪ್ರತಿ ಸುತ್ತಿಗೂ ಉಳಿದದ್ದರಲ್ಲಿ ನೂರಕ್ಕೆ ಎರಡರಂತೆ ಕಳೆಯುತ್ತಾ ಹೋಗಲು ಹೇಳಿ. 34ನೇ ಸುತ್ತಿಗೆ ನೀರು ಹೆಚ್ಚುಕಡಿಮೆ ಅರ್ಧ ಆಗಿರುತ್ತದೆ.

ಮಂಗಳದಲ್ಲಿ ನೀರೇ ಇಲ್ಲ ಅಂತ ಹೇಳಿಬಿಡಬೇಡಿ, ತಪ್ಪು. 2008ರಲ್ಲಿ ಫೀನಿಕ್ಸ್ ನೌಕೆ ಉತ್ತರ ಧ್ರುವದ ಕಡೆ ನೆಲ ಕೆದಕಿದಾಗ ಬಿಳಿ ಮಂಜುಗಡ್ಡೆ ಸಿಕ್ಕಿತು. ಅದೇ ನೌಕೆ ಆ ಮಣ್ಣಲ್ಲಿ ಪರ್ಕ್ಲೋರೇಟ್ ಅನ್ನುವ ಉಪ್ಪನ್ನೂ ಕಂಡಿತು. ಥೈರಾಯ್ಡ್ ಗ್ರಂಥಿಗೆ ಕೆಟ್ಟದ್ದು. ನೀರಲ್ಲಿ ಕಣ್ಣಿಗೆ ಕಾಣದ ವಿಷ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಫ್ಲೋರೈಡ್‌ನಿಂದ ಹಲ್ಲು ಕಂದು ಆದವರು ಪ್ರತಿ ಬೆಂಚಲ್ಲೂ ಇದ್ದಾರೆ. ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನ್ ತುಂಬಿಸುತ್ತಾರೆ, ಫಿಲ್ಟರ್ ಕೆಟ್ಟರೆ ಎಷ್ಟು ದಿನ ಬೀಗ ಬೀಳುತ್ತದೆ ಅಂತಲೂ ಗೊತ್ತು.

ಆ ಹುಡುಗಿಗೆ ಅವತ್ತು ಅವಳ ಉತ್ತರ ಸಿಕ್ಕಿತು. "ಮಿಸ್, ಅಲ್ಲಿ ನೀರುಗಂಟಿ ಅಂದ್ರೆ ಮಷೀನು. ಅದು ಕೆಟ್ರೆ?" ನಮ್ಮೂರಲ್ಲಿ ಮೋಟಾರ್ ಸುಟ್ಟರೆ ಚಳ್ಳಕೆರೆಗೆ ಒಯ್ದು ವೈಂಡಿಂಗ್ ಮಾಡಿಸಿ ತರಲು ಎರಡು ದಿನ. ಮಂಗಳಕ್ಕೆ ಬಿಡಿಭಾಗ ಬರಬೇಕಾದರೆ 26 ತಿಂಗಳ ಸರದಿ ಕಾಯಬೇಕು. ಹಾಗಾದರೆ ಅಲ್ಲಿಗೆ ಹೋಗುವ ಪ್ರತಿಯೊಬ್ಬರೂ ರಿಪೇರಿ ಕಲಿತಿರಬೇಕು ಅಂತ ಅವಳೇ ಬೋರ್ಡಿನ ಮೇಲೆ ಬರೆದಳು.

ಮೆಂತ್ಯ ಮತ್ತು ಬಾಟಲಿ

ಇವನ್ನು ಮೊದಲ ಶನಿವಾರವೇ ಶುರು ಮಾಡಿ, ಮೂರನೇ ಶನಿವಾರ ನೋಡಿ.

ಮೂರು ಅಗಲ ಮುಚ್ಚಳ ತೆಗೆದುಕೊಳ್ಳಿ. ಒಂದಕ್ಕೆ ಹೊಲದ ಮಣ್ಣು, ಒಂದಕ್ಕೆ ಬರೀ ಇಟ್ಟಿಗೆ ಪುಡಿ (ಅದನ್ನು ಮಂಗಳದ ಮಣ್ಣು ಅಂದುಕೊಳ್ಳಿ), ಒಂದಕ್ಕೆ ಇಟ್ಟಿಗೆ ಪುಡಿ ಜೊತೆ ತಿಪ್ಪೆ ಗೊಬ್ಬರ. ಮೂರರಲ್ಲೂ ಮೆಂತ್ಯ ಹಾಕಿ, ಅಳತೆಯ ನೀರು ಕೊಡಿ. ಮೆಂತ್ಯವೇ ಯಾಕೆ ಅಂದರೆ, 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅವರ ಜೊತೆ ಮೆಂತ್ಯ ಮತ್ತು ಹೆಸರುಕಾಳು ಹೋಗಿತ್ತು. ಆ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿಯದು. ಇದನ್ನು ಹೇಳಿದಾಗ ಮಕ್ಕಳ ಬೆನ್ನು ನೆಟ್ಟಗಾಗುವುದನ್ನು ನೋಡಬೇಕು.

ಮೊದಲ ವಾರ ಮೂರೂ ಮೊಳಕೆ ಬರುತ್ತವೆ. ಮಕ್ಕಳು ಕುಣಿದು "ಮಂಗಳದಲ್ಲೂ ಬೆಳೆಯುತ್ತೆ" ಅನ್ನುತ್ತಾರೆ. ಸುಮ್ಮನಿರಿ. ಎರಡನೇ ವಾರಕ್ಕೆ ಬರೀ ಪುಡಿಯಲ್ಲಿದ್ದದ್ದು ಹಳದಿಗೆ ತಿರುಗುತ್ತದೆ, ದಂಟು ನೂಲಾಗಿ ಬಾಗುತ್ತದೆ. ಬೀಜದೊಳಗೆ ಅಮ್ಮ ಕಟ್ಟಿಕೊಟ್ಟ ಬುತ್ತಿ ಇತ್ತು, ಅದು ಮುಗಿಯಿತು. ಗೊಬ್ಬರ ಬೆರೆಸಿದ್ದು ನಿಂತಿರುತ್ತದೆ. ಆ ಗೊಬ್ಬರ ಬಂದದ್ದು ಎಲ್ಲಿಂದ? ಎಮ್ಮೆಯಿಂದ, ಎಲೆಯಿಂದ, ಎರೆಹುಳುವಿನಿಂದ. ಮಂಗಳದಲ್ಲಿ ಅದೊಂದೂ ಇಲ್ಲ. ನಿಜವಾದ ಪರ್ಕ್ಲೋರೇಟ್ ತಂದು ಹಾಕುವ ಯೋಚನೆ ಮಾಡಬೇಡಿ, ಮಕ್ಕಳ ಕೈಗೆ ಕೊಡುವ ವಸ್ತು ಅಲ್ಲ ಅದು.

ಬಾಟಲಿಯೊಳಗೆ ಒದ್ದೆ ಮಣ್ಣು, ಒಂದೆರಡು ಚಿಕ್ಕ ಗಿಡ, ಬಾವಿಕಟ್ಟೆಯ ಪಾಚಿ ಇಟ್ಟು ಬಿಗಿಯಾಗಿ ಮುಚ್ಚಿ ಕಿಟಕಿ ಹತ್ತಿರ ಇಡಿ, ನೇರ ಬಿಸಿಲು ಬೇಡ. ತೆಗೆಯಬಾರದು. ನನ್ನ ಮೊದಲ ಬಾಟಲಿಗೆ ಗೊಬ್ಬರ ಜಾಸ್ತಿ ಹಾಕಿದ್ದೆ, ಮೂರು ವಾರಕ್ಕೆ ಬೂಷ್ಟು ಹಿಡಿದು ಗಿಡ ಸತ್ತಿತು. ನನಗೆ ಬೇಸರವಾಯಿತು, ಆದರೆ ಬಯೋಸ್ಫಿಯರ್ 2ರ ಕಥೆ ಹೇಳಲು ಅದಕ್ಕಿಂತ ಒಳ್ಳೆಯ ಬಾಟಲಿ ಸಿಗುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ ಸುಮಾರು ಮೂರು ಎಕರೆಯ ಗಾಜಿನ ಮನೆ ಕಟ್ಟಿ, ಹೊಲ, ಕಾಡು, ಚಿಕ್ಕ ಸಮುದ್ರ ಎಲ್ಲಾ ಒಳಗಿಟ್ಟು, 1991ರ ಸೆಪ್ಟೆಂಬರ್ 26ರಂದು ಎಂಟು ಜನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ವರ್ಷಕ್ಕೆ. ನಡುವೆಯೇ ಗಾಳಿಯ ಆಮ್ಲಜನಕ ಶೇ 21ರ ಹತ್ತಿರದಿಂದ ಸುಮಾರು 14ಕ್ಕೆ ಇಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಕೊನೆಗೆ ಹೊರಗಿಂದ ಆಮ್ಲಜನಕ ಕೊಡಬೇಕಾಯಿತು. ಕಾರಣ ಏನು ಗೊತ್ತಾ? ಫಲವತ್ತಾದ ಮಣ್ಣು. ಅದರೊಳಗಿನ ಸೂಕ್ಷ್ಮಜೀವಿಗಳು ಆಮ್ಲಜನಕ ಉಸಿರಾಡಿ ಮುಗಿಸುತ್ತಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡಗಳಿಗಿಂತ ಮೊದಲು ಗೋಡೆಯ ಕಾಂಕ್ರೀಟ್ ಹೀರಿಕೊಳ್ಳುತ್ತಿತ್ತು. ಗೋಡೆ ಗಾಳಿ ಕುಡಿಯುತ್ತದೆ ಅಂತ ಯಾರು ಅಂದುಕೊಂಡಿರುತ್ತಾರೆ?

ಮಾತಿನ ದಿನ

ನಾಲ್ಕನೇ ಶನಿವಾರ ಚರ್ಚೆ. ಪರ, ವಿರೋಧ ಅಂತ ಎರಡು ಸಾಲು ಬೇಡ. ದುಂಡಗೆ ಕುರ್ಚಿ ಹಾಕಿ, ಒಂದೊಂದು ಕುರ್ಚಿಗೆ ಒಬ್ಬೊಬ್ಬರ ಹೆಸರು ಕೊಡಿ. ಡಾಕ್ಟರ್, ನೀರುಗಂಟಿ, ಅಡುಗೆಯವರು, ದುಡ್ಡು ಕೊಡುವವರು, ಇಲ್ಲೇ ಉಳಿದ ಅಮ್ಮ. ಒಂದು ಕುರ್ಚಿಯನ್ನು ಅಲ್ಲೇ ಹುಟ್ಟಲಿರುವ ಮಗುವಿಗೆ ಇಡಿ. ಯಾರು ಮಾತಾಡಿದರೂ "ನಾನು" ಅಂತಲೇ ಮಾತಾಡಬೇಕು.

ದುಡ್ಡಿನ ಪ್ರಶ್ನೆ ಖಂಡಿತ ಬರುತ್ತದೆ. ಆ ದುಡ್ಡಲ್ಲಿ ಶಾಲೆ ಕಟ್ಟಬಹುದಿತ್ತಲ್ಲ ಅಂತ. ಮಂಗಳಯಾನಕ್ಕೆ ಆದದ್ದು ಸುಮಾರು 450 ಕೋಟಿ. ದೇಶದ ಜನಕ್ಕೆ ಹಂಚಿ ನೋಡಲಿ, ತಲೆಗೆ ನಾಲ್ಕು ರೂಪಾಯಿಯೂ ಬರುವುದಿಲ್ಲ. ಒಂದು ಕ್ಯಾನ್ ನೀರಿನ ದುಡ್ಡು. ಆರು ತಿಂಗಳಿಗೆ ಅಂತ ಕಳಿಸಿದ್ದು 2022ರ ತನಕ ಬಾಳಿತು. ಆದರೆ ಜನರನ್ನು ಕಳಿಸುವ ಖರ್ಚೇ ಬೇರೆ, ಈ ನಾಲ್ಕು ರೂಪಾಯಿ ತೋರಿಸಿ ಅದನ್ನು ಒಪ್ಪಿಸಲು ಹೋಗಬಾರದು.

ಡಾಕ್ಟರ್ ಕುರ್ಚಿಗೆ ಒಂದು ಲೆಕ್ಕ ಕೊಟ್ಟಿರಿ. ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವ ದಾರಿಯುದ್ದಕ್ಕೂ ವಿಕಿರಣ ಅಳೆದುಕೊಂಡು ಹೋಗಿತ್ತು. ಆ ದಾರಿಯಲ್ಲಿ ಒಂದೂವರೆ ದಿನಕ್ಕೆ ಬೀಳುವುದು, ಇಲ್ಲಿ ನಮಗೆ ಪ್ರಕೃತಿಯಿಂದ ಒಂದು ವರ್ಷಕ್ಕೆ ಬೀಳುವಷ್ಟು. ಏಳು ತಿಂಗಳಿಗೆ ಎಷ್ಟು ಅಂತ ಅವರೇ ಗುಣಿಸಲಿ.

"ಡೈನೋಸಾರ್ ಥರ ನಾವೂ ಹೋಗಿಬಿಟ್ರೆ?" ಅಂತ ಒಬ್ಬ ಕೇಳಿದ. ಬೇಕು ಅನ್ನುವವರ ಗಟ್ಟಿ ಮಾತು ಇದು, ತಳ್ಳಿಹಾಕಬೇಡಿ. 6.6 ಕೋಟಿ ವರ್ಷದ ಹಿಂದೆ ಅಷ್ಟು ದೊಡ್ಡ ಕಲ್ಲು ಬಿದ್ದದ್ದು ನಿಜ. ಅದರ ಜೊತೆ ಇದನ್ನೂ ಹೇಳಿ: 2022ರ ಸೆಪ್ಟೆಂಬರ್‌ನಲ್ಲಿ ಡಾರ್ಟ್ ಅನ್ನುವ ನೌಕೆಯನ್ನು ಡೈಮಾರ್ಫಸ್ ಅನ್ನುವ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕಂತಲೇ ಗುದ್ದಿಸಿದರು. ತನಗಿಂತ ದೊಡ್ಡ ಇನ್ನೊಂದು ಕ್ಷುದ್ರಗ್ರಹವನ್ನು ಸುತ್ತಲು ಅದಕ್ಕೆ ಹಿಡಿಯುತ್ತಿದ್ದ ಸುಮಾರು 12 ಗಂಟೆ, ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆಯಾಯಿತು. ಮನೆ ಬಿಟ್ಟು ಓಡುವುದು ಒಂದು ದಾರಿ, ಬರುವ ಕಲ್ಲನ್ನು ತಳ್ಳುವುದು ಇನ್ನೊಂದು. ಎರಡನ್ನೂ ಮಕ್ಕಳು ತೂಗಲಿ.

ನನಗೆ ಅನಿರೀಕ್ಷಿತವಾಗಿ ಬಂದದ್ದು ಕುರಿ ಕಾಯುವ ಮನೆಯ ಹುಡುಗನ ಮಾತು. ಮಂಗಳ ಖಾಲಿ ಜಾಗ, ಯಾರು ಬೇಕಾದರೂ ಹೋಗಬಹುದು ಅಂತ ಯಾರೋ ಅಂದರು. ಅವನು ಎದ್ದು ನಿಂತ. "ನಮ್ಮೂರ ಗೋಮಾಳನೂ ಖಾಲಿ ಅಂತಲೇ ಬೇಲಿ ಹಾಕಿದ್ರು ಮಿಸ್. ನಮ್ಮ ಕುರಿ ಅಲ್ಲೇ ಮೇಯ್ತಿದ್ವು." ತರಗತಿ ಗಪ್‌ಚಿಪ್. ಮಂಗಳದ ನೆಲದಡಿ ಸೂಕ್ಷ್ಮಜೀವಿ ಇದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ. ನಾವು ಹೋದರೆ ನಮ್ಮ ಮೈಮೇಲಿನ ಕೋಟ್ಯಂತರ ಜೀವಿಗಳೂ ಹೋಗುತ್ತವೆ. ಆಮೇಲೆ ಹುಡುಕಿದರೆ ಸಿಕ್ಕಿದ್ದು ಅವರದೋ ನಮ್ಮದೋ? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಬೇರೆ ಗ್ರಹದ ನೆಲ ತನ್ನದು ಅನ್ನುವಂತಿಲ್ಲ, ಅಲ್ಲಿ ಕೆಡಿಸುವಂತೆಯೂ ಇಲ್ಲ. ಭಾರತವೂ ಅದಕ್ಕೆ ಸೇರಿದೆ.

ಮಗುವಿನ ಕುರ್ಚಿಯಲ್ಲಿ ಕೂತವಳು ಕೊನೆಯ ತನಕ ಮಾತಾಡಿರಲಿಲ್ಲ. ಆಮೇಲೆ ಕೇಳಿದಳು, "ನಾನು ವಾಪಸ್ ಬರಬಹುದಾ?" ಇಲ್ಲಿ 40 ಕೆಜಿ ತೂಗುವವರು ಅಲ್ಲಿ 15 ಕೆಜಿ ಮಾತ್ರ. ಆ ತೂಕದಲ್ಲಿ ಹುಟ್ಟಿ ಬೆಳೆದ ಮೂಳೆ ಭೂಮಿಯ ಭಾರ ಹೊರುತ್ತದಾ? ಒಂದು ಮಗುವೂ ಹಾಗೆ ಬೆಳೆದಿಲ್ಲ. ಅವಳಿಗೆ ಯಾರ ಬಳಿಯೂ ಉತ್ತರ ಇರಲಿಲ್ಲ, ಡಾಕ್ಟರ್ ಕುರ್ಚಿಯವನ ಬಳಿಯೂ.

ಮಾತು ಮುಗಿದ ಮೇಲೆ ಮತ್ತೆ ಕಾಳು ಹಾಕಿಸಿ. ನಮ್ಮಲ್ಲಿ ಮೊದಲ ಡಬ್ಬಿ ಎರಡೂ ಸಲ ಹುಣಸೆಬೀಜದಿಂದ ತುಂಬಿತ್ತು. ಎರಡನೆಯದು ಹೆಚ್ಚುಕಡಿಮೆ ಅರ್ಧರ್ಧ. ಮೂರನೆಯದರಲ್ಲಿ ಮೊದಲ ವಾರ ಹುಣಸೆಬೀಜವೇ ಜಾಸ್ತಿ, ಕೊನೆಗೆ ಜೋಳ ಜಾಸ್ತಿ.

ಈಗ ನಿಮ್ಮ ಮಾತು ಹೇಳಬಹುದು. ನನ್ನದು ಇದು. ಯಂತ್ರ ಕಳಿಸಲೇಬೇಕು, ಇನ್ನೂ ಜಾಸ್ತಿ ಕಳಿಸಬೇಕು. ಜನ ಹೋಗಿ ಬರುವುದಕ್ಕೂ ನಾನು ಹೂಂ ಅನ್ನುತ್ತೇನೆ, ದೇಹಕ್ಕೆ ಏನಾಗುತ್ತದೆ ಅಂತ ಇನ್ನಷ್ಟು ತಿಳಿದ ಮೇಲೆ. ಅಲ್ಲೇ ನೆಲೆಸುವುದು ಈಗ ಬೇಡ. ಭೂಮಿಯ ಮೇಲೆಯೇ ಒಂದು ಮುಚ್ಚಿದ ಮನೆಯಲ್ಲಿ ಹತ್ತಾರು ಜನ, ಹೊರಗಿನಿಂದ ಒಂದು ಹಿಡಿ ಗಾಳಿಯೂ ಇಲ್ಲದೆ, ಹತ್ತು ವರ್ಷ ಬಾಳಿ ತೋರಿಸಲಿ. ಅಂಟಾರ್ಕ್ಟಿಕಾದ ಮೈತ್ರಿ ನೆಲೆಯಲ್ಲಿ 1989ರಿಂದ ನಮ್ಮವರು ಇದ್ದಾರೆ. ಅಲ್ಲಿ ಗಾಳಿ ಪುಕ್ಕಟೆ, ಪಕ್ಕದಲ್ಲೇ ಕೆರೆ ಇದೆ. ಆದರೂ ಸಾಮಾನು ಹೊರಗಿನಿಂದಲೇ ಹೋಗಬೇಕು, ಯಾರೂ ಸಂಸಾರ ಹೂಡಿಲ್ಲ. ಚಂದ್ರಯಾನದ ಲ್ಯಾಂಡರ್ ಕಳಿಸುವ ಮುಂಚೆ ನಮ್ಮ ತಾಲೂಕಿನ ಉಳ್ಳಾರ್ತಿ ಹತ್ತಿರ ಚಂದ್ರನ ಮೇಲಿರುವಂಥ ಗುಂಡಿ ತೋಡಿ, ಮೇಲೆ ವಿಮಾನ ಹಾರಿಸಿ ಅದರ ಸೆನ್ಸಾರ್‌ಗಳನ್ನು ಪರೀಕ್ಷೆ ಮಾಡಿದ್ದರು. ಒಂದು ಯಂತ್ರಕ್ಕೇ ಅಷ್ಟು ತಾಲೀಮು ಮಾಡಿಸಿದೆವು. ಮಗುವಿಗೆ ಅದಕ್ಕಿಂತ ಕಡಿಮೆ ಆಗಬಾರದು.

ನಿಮ್ಮ ಮಕ್ಕಳು ನಿಮಗಿಂತ ಬೇರೆ ಹೇಳಿದರೆ ಹೇಳಲಿ. ಕಾರಣ ಬರೆದುಕೊಡಬೇಕು ಅಷ್ಟೇ, ಒಂದು ಪುಟ, ಒಂದು ಲೆಕ್ಕ ಇರಲೇಬೇಕು.

2027ರ ಫೆಬ್ರವರಿಯಲ್ಲಿ ಮಂಗಳ ಮತ್ತೆ ನಮ್ಮ ಕಡೆಗೆ ಬರುತ್ತದೆ. ಆ ತಿಂಗಳ ಮೂರನೇ ವಾರ ಹೊತ್ತು ಮುಳುಗಿದ ಮೇಲೆ ಪೂರ್ವಕ್ಕೆ ನೋಡಿ, ಸಿಂಹ ರಾಶಿಯ ಕಡೆ ಕೆಂಪಗೆ, ಮಿನುಗದೆ ನಿಂತಿರುತ್ತದೆ. ಈ ಸಲ ಸುಮಾರು 10 ಕೋಟಿ ಕಿಲೋಮೀಟರ್. ಮೂಸಂಬಿಯನ್ನು ಶಾಲೆ ಕಟ್ಟೆ ಮೇಲಿಟ್ಟು, ನಿಂಬೆಹಣ್ಣು ಹಿಡಿದವರನ್ನು 500 ಮೀಟರ್ ಆಚೆ ನಿಲ್ಲಿಸಿ. ಕೈಯಲ್ಲಿ ಟಾರ್ಚ್ ಕೊಟ್ಟಿರಿ, ಕತ್ತಲಲ್ಲಿ ಅವರು ಎಲ್ಲಿದ್ದಾರೆ ಅಂತ ಈಚೆಯವರಿಗೆ ಕಾಣಬೇಕು.